ಮೇಷ್ಟ್ರ ಅಕ್ಷರ, ನನ್ನ ಕೈ

ಅಕ್ಷರಕ್ಕೂ ನನಗೂ ಹುಟ್ಟಿದಾಗಿನಿಂದ ಆಗಿಬಂದಿಲ್ಲ. ಆದರೂ ನೈರೋಬಿಯಲ್ಲಿದ್ದಷ್ಟು ವರ್ಷ ನನಗೆ ಗಂಟುಬಿದ್ದ ತಾಪತ್ರಯಗಳೆಲ್ಲ ಕೈಬರಹದಿಂದಲೇ ಬಂದವು. ಬೇರೆಯವರಿಗೆ ನಲ್ಲಿಯಲ್ಲಿ ನೀರಿಲ್ಲ, ಮಟಾಟು ವ್ಯಾನಿನಲ್ಲಿ ಜಾಗವಿಲ್ಲ ಅನ್ನೋ ಗೋಳು. ನನಗೆ ಅಕ್ಷರದ ಗೋಳು. ಹೇಳಿಕೊಂಡರೆ ಜನ ನಗುತ್ತಾರೆ. ನಗಲಿ ಬಿಡಿ, ನಾನೂ ನಗುತ್ತೇನೆ. ಆದರೆ ನಗುವಾಗೆಲ್ಲ ಒಬ್ಬ ಮುದುಕರ ನೆನಪಾಗಿ ನಗು ಅರ್ಧಕ್ಕೇ ನಿಂತುಹೋಗುತ್ತೆ.

ಅತ್ತೆ ಬರೆದ ಅರ್ಜಿ

ಎಂಬತ್ತರ ದಶಕದ ನಡುಭಾಗ. ನಮ್ಮನೆಯವರು ಡಾಕ್ಟರು, ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಮನೆ ಸೌತ್ ಬಿ ಬಡಾವಣೆಯಲ್ಲಿ. ಮಗ ಸ್ಕೂಲಿಗೆ ಹೋಗೋಕೆ ಶುರುಮಾಡಿದ ಮೇಲೆ ನನಗೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟುಹೋಗಿತ್ತು. ಪಂಗಾನಿಯ ಒಂದು ಖಾಸಗಿ ಪ್ರೈಮರಿ ಸ್ಕೂಲಿಗೆ ಲೆಕ್ಕದ ಟೀಚರ್ ಬೇಕು, ಅರ್ಜಿ ಮಾತ್ರ ಕೈಬರಹದಲ್ಲೇ ಇರಬೇಕು ಅಂತ ಗೊತ್ತಾಯಿತು.

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಆಗ ಮೈಸೂರಿನಿಂದ ಅತ್ತೆ ಬಂದಿದ್ದರು, ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿ ರಿಟೈರ್ ಆದವರು. ನಾನು ಬರೆದದ್ದನ್ನು ನೋಡಿ ಕಾಗದ ಕಿತ್ತುಕೊಂಡರು. "ಕೊಡಮ್ಮ ಇಲ್ಲಿ. ಇದನ್ನ ನೋಡಿದರೆ ಕೆಲಸ ಕೊಡೋದಿರಲಿ, ಗೇಟಿನೊಳಗೂ ಬಿಡಲ್ಲ" ಅಂದು ಮುತ್ತು ಪೋಣಿಸಿದ ಹಾಗೆ ಬರೆದುಕೊಟ್ಟರು.

ಹೆಡ್‌ಮಾಸ್ಟರು ಆ ಅರ್ಜಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರು. "ಲೆಕ್ಕಕ್ಕೆ ನಿನ್ನೆ ತಾನೆ ಒಬ್ಬರು ಸಿಕ್ಕರು ಮೇಡಂ. ಆದರೆ ಈ ಕೈಬರಹ! ನಮ್ಮ ಕೈಬರಹದ ಮೇಷ್ಟ್ರಿಗೆ ವಯಸ್ಸಾಯ್ತು, ಒಬ್ಬರು ಸಹಾಯಕರು ಬೇಕಾಗಿತ್ತು. ದೇವರೇ ಕಳಿಸಿದ ಹಾಗಾಯ್ತು."

ನಿಜ ಹೇಳಬೇಕು ಅಂತಲೇ ಬಾಯಿ ತೆಗೆದೆ. ಹೊರಗೆ ಬಂದದ್ದು "ಥ್ಯಾಂಕ್ಯೂ ಸರ್".

ಸೋಮವಾರ ಮೂರನೇ ಕ್ಲಾಸು. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ 'ಗುಡ್ ಮಾರ್ನಿಂಗ್ ಚಿಲ್ಡ್ರನ್' ಅಂತ ಬರೆದೆ. ಮೊದಲ ಬೆಂಚಿನ ಹುಡುಗಿ ಬಹಳ ಮರ್ಯಾದೆಯಿಂದ ಕೈ ಎತ್ತಿದಳು. "ಟೀಚರ್, ಇವತ್ತು ನಾವು ನಿಮ್ಮ ಭಾಷೆ ಕಲೀಬೇಕಾ?"

ಐದು ತೂತಿನ ಸೌಟು

ಕ್ಲಾಸಿನ ಹಿಂದುಗಡೆ ನಿಂತು ಇದನ್ನೆಲ್ಲ ಕೈಬರಹದ ಮೇಷ್ಟ್ರು ನೋಡುತ್ತಿದ್ದರು. ಗೋವಾದವರು, ಎಪ್ಪತ್ತು ದಾಟಿತ್ತು. ಎಂಥ ಬಿಸಿಲಿಗೂ ಕೋಟು, ಟೈ. ಹೆಂಡತಿ ಹೋಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿಲ್ಲ. ಕ್ಲಾಸಿನ ಹುಡುಗರೆಲ್ಲ ಹೊರಗೆ ಹೋದ ಮೇಲೆ ಹತ್ತಿರ ಬಂದರು.

"ಟೀಚರ್, ಅರ್ಜಿ ಬರೆದವರು ಯಾರು?"

"ನಮ್ಮತ್ತೆ."

"ಅವರು ಕೆಲಸಕ್ಕೆ ಬರ್ತಾರಾ?"

"ಮುಂದಿನ ವಾರ ಊರಿಗೆ ಹೋಗ್ತಾರೆ."

"ಹಾಗಾದರೆ ನೀವೇ ಕೂತ್ಕೊಳ್ಳಿ."

ಕೂತೆ. ಮಕ್ಕಳ ಬೆಂಚು, ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಅವತ್ತಿನಿಂದ ದಿನಾ ಮೂರು ಗಂಟೆಯ ಮೇಲೆ, ಮೂವತ್ತನಾಲ್ಕು ವರ್ಷದ ನಾನು ಟಾಕು ಅನ್ನೋ ಮುಳ್ಳಿನ ಪೆನ್ನು ಶಾಯಿಯಲ್ಲಿ ಅದ್ದಿ ಗೀಟು ಎಳೆದೆ. ತಿಂಗಳುಗಟ್ಟಲೆ ಬರೀ ಓರೆ ಗೀಟು. ಆಮೇಲೆ ಕೊಕ್ಕೆ, ಆಮೇಲೆ ಸುತ್ತು. ಅಕ್ಷರ ಯಾವಾಗ ಅಂತ ಕೇಳಿದರೆ, "ನಮಗೆ ಮೂರನೇ ವರ್ಷಕ್ಕೆ ಬಂತು. ನಿಮಗೆ ಈಗಲೇ ಅವಸರವೇನು?" ಅನ್ನುತ್ತಿದ್ದರು.

ಅವರು ಕಲಿತದ್ದು ಗೋವಾದಲ್ಲಿ ಪೋರ್ಚುಗೀಸರ ಆಳ್ವಿಕೆ ಇದ್ದಾಗ, ಪೋರ್ಚುಗೀಸ್ ಶಾಲೆಯಲ್ಲಿ. ಗೀಟು ಸ್ವಲ್ಪ ವಾಲಿದರೂ ಅಂಗೈ ಮೇಲೆ ಸೌಟಿನಂಥ ಮರದ ಹಲಗೆಯಿಂದ ಏಟು. ಅದಕ್ಕೆ ಐದು ತೂತು. "ತೂತು ಯಾಕೆ ಗೊತ್ತಾ? ಗಾಳಿ ತಡೆಯಬಾರದು, ಏಟು ಸರಿಯಾಗಿ ಬೀಳಬೇಕು. ಎಷ್ಟು ಯೋಚನೆ ಮಾಡಿ ಮಾಡಿದ್ದಾರೆ ನೋಡಿ" ಅಂತ ಮೆಚ್ಚಿಕೊಂಡು ಹೇಳುವರು. ಹಿಂದಿನ ಕಾಲದಲ್ಲಿ ಪೋರ್ಚುಗೀಸರ ದೇಶದಲ್ಲಿ ಪರೀಕ್ಷೆ ಕೊಟ್ಟು ಪರವಾನಗಿ ತೆಗೆದುಕೊಳ್ಳದೆ ಯಾರೂ ಬರವಣಿಗೆ ಕಲಿಸುವಂತಿರಲಿಲ್ಲವಂತೆ. ಇಂಡಿಯಾಕ್ಕೆ ಹೊರಡುವ ಒಂದೊಂದು ಹಡಗಿನಲ್ಲೂ ಒಬ್ಬ ಲೇಖಕ, ಅಂದರೆ ಲೆಕ್ಕಪತ್ರ ಬರೆದಿಡೋನು, ಇರಲೇಬೇಕಿತ್ತಂತೆ. "ಹಡಗಿನಲ್ಲಿ ಎಲ್ಲರೂ ಸುಳ್ಳು ಹೇಳಬಹುದು ಟೀಚರ್, ಲೇಖಕ ಮಾತ್ರ ಹೇಳೋ ಹಾಗಿಲ್ಲ. ಪ್ರಮಾಣ ಮಾಡಿಸಿಯೇ ಹತ್ತಿಸ್ತಿದ್ದರು."

ಅಲ್ಲಿಯ ಹಳೇ ಗುರುಗಳು ಕೈ ಎತ್ತದೆ ಒಂದೇ ಗೆರೆಯಲ್ಲಿ ಹಕ್ಕಿ ಬರೆಯುತ್ತಿದ್ದರು ಅಂತ ಒಂದು ದಿನ ಬರೆದು ತೋರಿಸಿದರು. ರೆಕ್ಕೆ, ಕೊಕ್ಕು, ಬಾಲ, ಎಲ್ಲ ಒಂದೇ ಉಸಿರಿನಲ್ಲಿ. ಹಾರಿಹೋಗುತ್ತೇನೋ ಅನ್ನಿಸಿತು. ನಾನೂ ಒಂದು ಬರೆದು ಮನೆಗೆ ತಂದು ಮಗನಿಗೆ ತೋರಿಸಿದೆ. ಅವನಿಗೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಅಮ್ಮಾ, ಈಸ್ ದಿಸ್ ಎ ಮಟಾಟು ಆಕ್ಸಿಡೆಂಟ್?" ಅಂದ.

ಐದು ದಿನದ ಕೋರ್ಸು

ಎರಡು ವರ್ಷವಾಗುವಷ್ಟರಲ್ಲಿ ಮೇಷ್ಟ್ರ ಅಕ್ಷರ ನನ್ನ ಕೈಗೆ ಪೂರ್ತಿ ಇಳಿಯಿತು. ಅದೊಂದೇ ಇಳಿದದ್ದು. ಟಾಕು ಹಿಡಿದು ಅವರ ಹಾಗೆ ಬರೆದರೆ ಅಸಲಿ ಯಾವುದು ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲ. ಬಾಲ್‌ಪೆನ್ನಿನಲ್ಲಿ ಸಾಮಾನಿನ ಪಟ್ಟಿ ಬರೆದರೆ ಮತ್ತೆ ಅದೇ ಕಾಗೆ ಕಾಲು.

ನಮ್ಮನೆಯವರ ಅಕ್ಷರ ನನ್ನದಕ್ಕಿಂತ ಕಡೆ. ಅದನ್ನು ಓದಬಲ್ಲವರು ಇಡೀ ನೈರೋಬಿಯಲ್ಲಿ ಒಬ್ಬರೇ, ಹರ್ಲಿಂಗ್‌ಹ್ಯಾಮ್‌ನ ಒಬ್ಬ ಕೆಮಿಸ್ಟು. ಮಂಗಳೂರಿನ ಕಡೆಯವರು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ.

ಒಂದು ಸಲ ನಾವಿಬ್ಬರೂ ಜೋರಾಗಿ ಜಗಳವಾಡಿದೆವು. ಯಾವುದಕ್ಕೆ ಅಂತ ಈಗ ಮರೆತುಹೋಗಿದೆ. ಬೆಳಗ್ಗೆ ಎದ್ದರೆ ಅವರು ಡ್ಯೂಟಿಗೆ ಹೋಗಾಗಿತ್ತು, ಮೇಜಿನ ಮೇಲೆ ಒಂದು ಚೀಟಿ. ಕನ್ನಡ ಅನ್ನೋದು ಗೊತ್ತಾಯಿತು, ಅಷ್ಟೇ. ಇದರಲ್ಲೂ ಬೈದಿದ್ದಾರೆ ಅಂತ ನಾಲ್ಕು ದಿನ ಮಾತು ಬಿಟ್ಟೆ. ಅವರೂ ಮುಖ ಊದಿಸಿಕೊಂಡಿದ್ದರು. ಐದನೇ ದಿನ ತಡೆಯಲಾರದೆ ಚೀಟಿ ಹಿಡಿದುಕೊಂಡು ಕೆಮಿಸ್ಟ್ ಹತ್ತಿರ ಹೋದೆ. ಅಂಗಡಿ ತುಂಬ ಜನ.

ಅವರು ಕನ್ನಡಕ ಹಣೆಗೇರಿಸಿ ಎಲ್ಲರಿಗೂ ಕೇಳುವ ಹಾಗೆ ಓದಿದರು: "ತಪ್ಪು ನನ್ನದೇ. ಕೂಗಾಡಬಾರದಿತ್ತು. ಕ್ಷಮಿಸು."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಅಭ್ಯಾಸಬಲದಿಂದ ಚೀಟಿಯನ್ನು ಔಷಧಿಯ ಕಂದು ಕವರಿಗೆ ಹಾಕಿ ಕೈಗೆ ಕೊಟ್ಟರು. "ದಿನಕ್ಕೊಂದು ಸಲ, ಐದು ದಿನ. ಕೋರ್ಸ್ ಪೂರ್ತಿ ಮಾಡ್ಲಿಕ್ಕೆ ಹೇಳಿ ಮಾರಾಯ್ರೆ ಡಾಕ್ಟ್ರಿಗೆ."

ನಕಲಿ ಸರ್ಟಿಫಿಕೇಟು

ಮೇಷ್ಟ್ರ ಕೈ ನಡುಗೋಕೆ ಶುರುವಾದದ್ದು ನನಗೆ ಮೊದಲು ಗೊತ್ತಾಗಿದ್ದು ಸ್ಟಾಫ್ ರೂಮಿನಲ್ಲಿ, ಸಾಸರಿನ ಮೇಲೆ ಟೀ ಕಪ್ಪು ಕಟಕಟ ಅಂದಾಗ. ನಮ್ಮನೆಯವರು ನೋಡಿದರು. ಕಮ್ಮಿಯಾಗೋ ಕಾಯಿಲೆ ಅಲ್ಲ, ಜಾಸ್ತಿಯಾಗುತ್ತಾ ಹೋಗುತ್ತೆ ಅಂದರು. ಮೇಷ್ಟ್ರು "ಹ್ಞಂ" ಅಂತಷ್ಟೇ ಅಂದು ಎರಡೂ ಕೈ ಕೋಟಿನ ಜೇಬಿಗೆ ಇಳಿಸಿದರು. ನನಗೆ ಅಳು ಬಂದುಬಿಟ್ಟಿತ್ತು.

ವರ್ಷದ ಕೊನೆಗೆ ಸ್ಕೂಲಿನ ಸರ್ಟಿಫಿಕೇಟುಗಳ ಮೇಲೆ ಮಕ್ಕಳ ಹೆಸರು ಬರೆಯುವುದು ಅವರ ಕೆಲಸ. ಆ ವರ್ಷ ಬಾಗಿಲು ಹಾಕಿಕೊಂಡು ನಾನು ಬರೆದೆ, ಅವರು ಪಕ್ಕದಲ್ಲಿ ಕೂತು ಶಾಯಿ ಹೀರೋಕೆ ಒತ್ತುಕಾಗದ ಒತ್ತಿದರು. ಒಂದನ್ನು ಮಾತ್ರ ಹಟ ಹಿಡಿದು ತಾವೇ ಬರೆದರು. ನನ್ನ ಭಾಷೆ ಕಲೀಬೇಕಾ ಅಂತ ಕೇಳಿದಳಲ್ಲ, ಆ ಹುಡುಗಿಯದು. ಇಡೀ ಸ್ಕೂಲಿನಲ್ಲಿ ಅವಳ ಅಕ್ಷರವೇ ಅವರಿಗೆ ಇಷ್ಟ. ಒಂದು ಹೆಸರಿಗೆ ಒಂದು ಮಧ್ಯಾಹ್ನ ಹಿಡಿಯಿತು.

ಮಾರನೇ ದಿನ ಹುಡುಗಿಯ ಅಪ್ಪ ಕೆಂಡವಾಗಿ ಬಂದರು. "ಎಲ್ಲರಿಗೂ ಮೇಷ್ಟ್ರು ಬರೆದ ಅಸಲಿ ಕೊಟ್ಟು ನನ್ನ ಮಗಳಿಗೆ ಮಾತ್ರ ನಕಲಿ ಕೊಟ್ಟಿದ್ದೀರಿ!"

ಹೆಡ್‌ಮಾಸ್ಟರು ಅದನ್ನು ತಂದು ಮೇಷ್ಟ್ರ ಮುಂದೆ ಇಟ್ಟರು. "ಇದು ನಿಮ್ಮ ಕೈ ಅಲ್ಲ ತಾನೇ?"

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನನ್ನ ಕಡೆ ನೋಡಲಿಲ್ಲ.

"ಅಲ್ಲ" ಅಂದರು. "ಯಾರೋ ನನ್ನ ಹಾಗೆ ಬರೆಯೋಕೆ ನೋಡಿದ್ದಾರೆ. ಪಾಪ, ಇನ್ನೂ ಕಲೀಬೇಕು."

ಅಕ್ಕನಿಗೆ

ಅದಾದ ವಾರಕ್ಕೇ ಅವರು ಒಂದು ಸಹಾಯ ಕೇಳಿದರು. ಗೋವಾದ ಹಳ್ಳಿಯಲ್ಲಿ ಅವರಿಗೆ ಒಬ್ಬ ಅಕ್ಕ, ಎಂಬತ್ತರ ಹತ್ತಿರ. ತಾಯಿ ಇಲ್ಲದ ತಮ್ಮನನ್ನು ಸಾಕಿದ್ದು ಆಕೆಯೇ. ಶಾಲೆಗೆ ಹೋಗುವ ಮೊದಲೇ ಕೈ ಮೇಲೆ ಕೈ ಇಟ್ಟು ತಿದ್ದಿಸಿದ್ದೂ ಆಕೆಯೇ. ತಿಂಗಳಿಗೊಂದು ಪತ್ರ, ಪೋರ್ಚುಗೀಸಿನಲ್ಲಿ, ಇವರು ಆಫ್ರಿಕಾಕ್ಕೆ ಬಂದಾಗಿನಿಂದ ಒಂದೂ ತಪ್ಪಿರಲಿಲ್ಲ.

"ಏನು ಬರೆದರೂ ಅವಳು ಮೊದಲು ಓದೋದು ಅಕ್ಷರವನ್ನ. ಗೆರೆ ನಡುಗಿದ ದಿನ ಅವಳಿಗೆ ಗೊತ್ತಾಗಿಹೋಗುತ್ತೆ. ಅವಳ ಎದೆ ಮೊದಲೇ ವೀಕು. ನೀವು ಬರೆದುಕೊಡಿ ಟೀಚರ್."

"ನನಗೆ ಪೋರ್ಚುಗೀಸ್ ಒಂದಕ್ಷರ ಬರಲ್ಲ ಮೇಷ್ಟ್ರೇ."

"ಒಳ್ಳೇದೇ ಆಯ್ತು. ಮನೆ ವಿಷಯ, ನೀವು ಓದಬಾರದು."

ಅವರು ಪೆನ್ಸಿಲಿನಲ್ಲಿ ನಡುಗುತ್ತಾ ಗೀಚುವರು, ನಾನು ಅದನ್ನು ಅರ್ಥವಾಗದೆ ಶಾಯಿಯಲ್ಲಿ ಇಳಿಸುವೆ. ಮೊದಲ ಸಲ ಹಡಗಿನ ಲೇಖಕ ನೆನಪಾಗಿ ಟಾಕು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಸ್ಕೂಲಿನ ಪೋಸ್ಟ್ ಬಾಕ್ಸಿಗೆ ತಿಂಗಳು ತಿಂಗಳೂ ಉತ್ತರ ಬರುತ್ತಿತ್ತು, ಥೇಟ್ ಇವರದೇ ಓರೆ, ಇವರದೇ ಸುತ್ತು. ಒಂದು ಸಲ ಪತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ವಿಚಿತ್ರ. ಎಂಬತ್ತಕ್ಕೆ ನಮ್ಮಕ್ಕನ ಕೈ ಸುಧಾರಿಸಿಬಿಟ್ಟಿದೆ" ಅಂದು ಸಣ್ಣಗೆ ನಕ್ಕು ಮಡಚಿಟ್ಟರು.

ಹೆಸರಿನ ಫಲಕ

ಹೀಗೇ ಒಂದು ವರ್ಷ ನಡೆದು, ಮರುವರ್ಷ ಏಪ್ರಿಲಿನಲ್ಲಿ, ದೊಡ್ಡ ಮಳೆಯ ಹೊತ್ತಿಗೆ, ಮೇಷ್ಟ್ರು ಹೋದರು. ಎರಡೇ ದಿನ ನ್ಯುಮೋನಿಯ. ಆಸ್ಪತ್ರೆಯಲ್ಲಿ ಕೊನೆಗೆ ಹೇಳಿದ್ದು ಒಂದೇ ಮಾತು: "ಈ ತಿಂಗಳ ಪತ್ರ ಹಾಕಿದಿರಾ?" ಹಾಕಿದೆ ಅಂದೆ. ಹಾಕಿರಲಿಲ್ಲ.

ಶವಪೆಟ್ಟಿಗೆಯ ಮುಂದೆ ಇಡಲು ಹೆಸರಿನ ಫಲಕ ಬೇಕು, ನೀವೇ ಬರೆಯಿರಿ ಅಂತ ಹೆಡ್‌ಮಾಸ್ಟರು ಹೇಳಿದರು. ಕಣ್ಣು ಮಂಜಾಗಿತ್ತು, ಕೈ ತನ್ನಷ್ಟಕ್ಕೆ ಬರೆಯಿತು. ಚರ್ಚಿನಲ್ಲಿ ನನ್ನ ಮುಂದಿನ ಸಾಲಿನಲ್ಲಿ ಗೋವಾದ ಇಬ್ಬರು ವಯಸ್ಸಾದ ಹೆಂಗಸರು ಆ ಫಲಕವನ್ನೇ ನೋಡುತ್ತಿದ್ದರು.

"ಎಂಥ ಶಿಸ್ತು ನೋಡು. ತನ್ನ ಹೆಸರು ತಾನೇ ಬರೆದಿಟ್ಟು ಹೋಗಿದ್ದಾನೆ."

ಇನ್ನೊಬ್ಬಾಕೆ ಶಿಲುಬೆಯ ಗುರುತು ಮಾಡಿಕೊಂಡರು. "ಸತ್ತ ತಾರೀಕು ಕೂಡ!"

ಜೂನಿನ ಕ್ರಿಸ್ಮಸ್

"ಅವರ ಅಕ್ಕನಿಗೆ ನೀವೇ ತಿಳಿಸಿ, ನೀವೇ ಹತ್ತಿರದವರು" ಅಂದರು ಹೆಡ್‌ಮಾಸ್ಟರು. ಆಗಲಿ ಅಂದೆ. ಕಾಗದ ಹಿಡಿದು ಕೂತರೆ ಎಂಬತ್ತರ ಮುದುಕಿ, ಅವಳ ವೀಕಾದ ಎದೆ, ಇದೇ ಕಣ್ಣಮುಂದೆ. ಈ ತಿಂಗಳೊಂದು ಕಳೆಯಲಿ ಅಂದುಕೊಂಡೆ. ಮೇಷ್ಟ್ರ ಹಳೇ ಪೆನ್ಸಿಲ್ ಕಾಗದಗಳೆಲ್ಲ ನನ್ನ ಹತ್ತಿರವೇ ಇದ್ದವು. ಅದರಲ್ಲೊಂದನ್ನು ತೆಗೆದು, ತಾರೀಕು ಬದಲಾಯಿಸಿ, ಚೆನ್ನಾಗಿ ಇಳಿಸಿ ಪೋಸ್ಟ್ ಮಾಡಿದೆ. ಉತ್ತರ ಬಂತು! ಅಲ್ಲಿಗೆ ಮುದುಕಿ ಬದುಕಿಕೊಂಡಳು, ನಾನು ಸಿಕ್ಕಿಹಾಕಿಕೊಂಡೆ. ಮುಂದಿನ ತಿಂಗಳು ಇನ್ನೊಂದು, ಆಮೇಲೆ ಮತ್ತೊಂದು.

ಡಿಸೆಂಬರಿನಲ್ಲಿ ಹೆಡ್‌ಮಾಸ್ಟರು ಮೇಷ್ಟ್ರ ನೆನಪಿಗೆ ಅಂತ ಅವರು ಕೈ ಚೆನ್ನಾಗಿದ್ದಾಗ ಬರೆದಿದ್ದ ಕ್ರಿಸ್ಮಸ್ ಶುಭಾಶಯವನ್ನು ನೋಟೀಸ್ ಬೋರ್ಡಿಗೆ ಹಾಕಿಸಿದರು. ಮೇಲೆ ಇಂಗ್ಲಿಷು, ಕೆಳಗೆ ಪೋರ್ಚುಗೀಸಿನಲ್ಲಿ ಎರಡು ಪದ. ಆ ಎರಡು ಪದದ ಗುರುತು ಸಿಕ್ಕಿತು. ಜೂನ್ ತಿಂಗಳ ಪತ್ರದ ಕೊನೆಯಲ್ಲಿ ಅವನ್ನೇ ನಾನು ಬಹಳ ಮುತುವರ್ಜಿಯಿಂದ, ಸುರುಳಿ ಹಾಕಿ ಬರೆದಿದ್ದೆ.

ಓಡಿಹೋಗಿ ಅಕ್ಕನ ಉತ್ತರ ತೆಗೆದು ನೋಡಿದೆ. ಅದರ ಕೊನೆಯಲ್ಲೂ ಅವೇ ಎರಡು ಪದ. ತಮ್ಮ ಜೂನಿನಲ್ಲಿ ಕ್ರಿಸ್ಮಸ್ ಅಂದರೆ, ಮಹಾತಾಯಿ, ಜುಲೈನಲ್ಲಿ ತಿರುಗಿ ಶುಭಾಶಯ ಹೇಳಿದ್ದಾಳೆ!

ಉಳಿದ ಉತ್ತರಗಳನ್ನೂ ಹರಡಿಕೊಂಡು ಕೂತೆ. ಅರ್ಥವಾಗದಿದ್ದರೂ ಆಕಾರ ಗೊತ್ತಾಗುತ್ತಲ್ಲ. ಸೆಪ್ಟೆಂಬರಿನದೂ ನವೆಂಬರಿನದೂ ಮೊದಲಿಂದ ಕೊನೆಯವರೆಗೆ ಒಂದೇ ಪತ್ರ. ಅಯ್ಯೋ, ಮುದುಕಿಗೆ ಪೂರ್ತಿ ಮರೆವು, ನೋಡಿಕೊಳ್ಳುವವರು ಯಾರೂ ಇಲ್ಲವೇನೋ ಅಂದುಕೊಂಡೆ. ನನಗೇ ನಾನು ಉಗಿದುಕೊಂಡೆ. ಹಡಗಿನಲ್ಲಿ ಎಲ್ಲರೂ ಸುಳ್ಳು ಹೇಳಬಹುದು, ಲೇಖಕ ಹೇಳೋ ಹಾಗಿಲ್ಲ. ಬಾಲ್‌ಪೆನ್ ತೆಗೆದುಕೊಂಡು, ನನ್ನದೇ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಆ ಮನೆಯಲ್ಲಿ ಯಾರಿದ್ದೀರೋ ಅವರಿಗೆ ಅಂತ ಎಲ್ಲ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು, ಊರು ಹಾಕಿದೆ. ಎಷ್ಟು ಗಾಬರಿಯಾಗಿತ್ತು ಅಂದರೆ, ಅಭ್ಯಾಸದ ಮೇಲೆ ಕೊನೆಯಲ್ಲಿ ಮೇಷ್ಟ್ರ ಸಹಿಯನ್ನೂ ಹಾಕಿಬಿಟ್ಟಿದ್ದೆ. ಹರಿದು ಇನ್ನೊಂದು ಬರೆದೆ.

ಕೆಮಿಸ್ಟ್ ಓದಿದ ಪತ್ರ

ಒಂದೂವರೆ ತಿಂಗಳಿಗೆ ಉತ್ತರ ಬಂತು. ಒಡೆದು ನೋಡಿದರೆ ಮೇಷ್ಟ್ರ ಓರೆಯೂ ಇಲ್ಲ, ಸುತ್ತೂ ಇಲ್ಲ. ಶಾಯಿಯಲ್ಲಿ ಬಿದ್ದ ಜಿರಳೆ ಕಾಗದದ ಮೇಲೆ ಓಡಾಡಿದ ಹಾಗಿತ್ತು. ಕನ್ನಡ ಇರಬಹುದು ಅನ್ನಿಸಿತು. ಮನೆಯವರಿಗೆ ತೋರಿಸಿದೆ. "ಛೆ, ಯಾರಿದು ಇಷ್ಟು ಕೆಟ್ಟದಾಗಿ ಬರೆದಿರೋದು?" ಅಂದರು! ಅವರು!

ಹರ್ಲಿಂಗ್‌ಹ್ಯಾಮ್‌ಗೆ ಹೋದೆ. ಕೆಮಿಸ್ಟ್ ಕನ್ನಡಕ ಹಣೆಗೇರಿಸಿದರು. "ಇದೆಂತ ಮಾರಾಯ್ರೆ, ಇದಕ್ಕಿಂತ ನಿಮ್ಮ ಡಾಕ್ಟ್ರದ್ದೇ ಅಡ್ಡಿಯಿಲ್ಲ." ಆಮೇಲೆ ಓದತೊಡಗಿದರು. ಮೊದಲು ಜೋರಾಗಿ, ಎರಡು ಸಾಲಾದ ಮೇಲೆ ಮೆಲ್ಲಗೆ.

"ಅಕ್ಕಾವರೆ, ನಮಸ್ಕಾರ. ಹೆಸರು, ಊರು ನೋಡಿ ನಮ್ಮವರೇ ಅಂತ ಗೊತ್ತಾಯ್ತು, ಕನ್ನಡದಲ್ಲೇ ಬರೀತೇನೆ. ನಾನು ಕಾರವಾರದವಳು, ಇಲ್ಲಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡ್ತೇನೆ, ಈ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದೇನೆ. ಅಜ್ಜಿಗೆ ಕಣ್ಣು ಮಂಜಾಗ್ತಾ ಬಂದ ಮೇಲೆ, ತಮ್ಮನಿಗೆ ತಿಳಿದರೆ ಎದೆ ಒಡೆದುಕೊಳ್ತಾನೆ ಅಂತ ಹೇಳಿ, ಬೈದು ಬೈದು ನನಗೆ ತನ್ನ ಅಕ್ಷರ ಕಲಿಸಿದರು. ನನಗೆ ಪೋರ್ಚುಗೀಸ್ ಬರೋದಿಲ್ಲ. ಒಂದೊಂದಕ್ಷರ ಹೇಳಿ ಬರೆಸ್ತಿದ್ದರು."

ಕೆಮಿಸ್ಟ್ ನನ್ನ ಮುಖ ನೋಡಿದರು. ಓದಿ ಅಂದೆ.

"ಅಜ್ಜಿ ತೀರಿಕೊಂಡು ಈ ಫೆಬ್ರವರಿಗೆ ಒಂದು ವರ್ಷ ಆಗ್ತದೆ."

ಫೆಬ್ರವರಿ. ಮೇಷ್ಟ್ರು ಹೋದದ್ದು ಅದಾದ ಎರಡು ತಿಂಗಳಿಗೆ, ಏಪ್ರಿಲಿನಲ್ಲಿ. ಅವರಿಗೆ ಕೊನೆಗೆ ಬಂದ ಪತ್ರವೂ ಈ ಹುಡುಗಿಯದೇ. ಆಮೇಲಿನ ಅಷ್ಟೂ ತಿಂಗಳು ಸತ್ತವರಿಬ್ಬರು, ಭಾಷೆ ಬರದ ನಮ್ಮಿಬ್ಬರ ಕೈಯಲ್ಲಿ, ಸಮುದ್ರದ ಆಚೆಗೂ ಈಚೆಗೂ ಕ್ಷೇಮ ಸಮಾಚಾರ ವಿಚಾರಿಸಿಕೊಂಡಿದ್ದರು. ನನಗೆ ನಗು ಬಂತು, ಕೌಂಟರ್ ಹಿಡಿದುಕೊಂಡು ನಕ್ಕೆ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಕೆಮಿಸ್ಟ್ ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟು ಮುಂದೆ ಓದಿದರು.

"ತಮ್ಮನಿಗೆ ಹೇಳ್ಲಿಕ್ಕೆ ಧೈರ್ಯ ಸಾಲದೆ ಅಜ್ಜಿ ಹಿಂದೆ ಬರೆಸಿದ್ದ ಕರಡು ಕಾಗದ ನೋಡಿ ನೋಡಿ ಬರೆದೆ. ಒಂದನ್ನು ಎರಡು ಸಲ ಕಳಿಸಿದ್ದೇನೆ, ಕ್ಷಮಿಸಬೇಕು. ಜೂನಿನಲ್ಲಿ ಕ್ರಿಸ್ಮಸ್ ಶುಭಾಶಯ ಬಂದಾಗ, ಆಫ್ರಿಕಾದಲ್ಲಿ ಆಗಲೇ ಹಬ್ಬ ಇರಬಹುದು ಅಂದುಕೊಂಡೆ. ಅಜ್ಜಿಗೆ ಕಣ್ಣು ಪೂರ್ತಿ ಹೋಗುವ ಮೊದಲು ನಿಮ್ಮ ಒಂದು ಪತ್ರವನ್ನು ಭೂತಗನ್ನಡಿಯಲ್ಲಿ ನೋಡಿ, 'ಇವನಿಗೆ ಆ ಸುರುಳಿ ಯಾವತ್ತೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ' ಅಂತ ನಕ್ಕಿದ್ದರು."

ಮೇಷ್ಟ್ರ ಸಣ್ಣ ನಗು ಕಣ್ಣಮುಂದೆ ಬಂತು. ಇಬ್ಬರಿಗೂ ಗೊತ್ತಿತ್ತೋ ಏನೋ. ಈಗ ಯಾರನ್ನು ಕೇಳುವುದು?

"ಇನ್ನು ಸ್ವಲ್ಪವೇ ಉಂಟು" ಅಂದರು ಕೆಮಿಸ್ಟ್. "ಈಗ ಅವರಿಬ್ಬರೂ ಇಲ್ಲ. ಆದರೆ ತಿಂಗಳ ಕೊನೆಗೆ ಪೋಸ್ಟ್‌ಮ್ಯಾನ್ ದಾರಿ ಕಾಯೋದು ನನಗೆ ಅಭ್ಯಾಸ ಆಗಿಹೋಗಿದೆ. ಇಲ್ಲಿ ನನ್ನವರು ಅಂತ ಯಾರೂ ಇಲ್ಲ. ನೀವು ಬರೀತೀರಾ? ನಿಮ್ಮ ಅಕ್ಷರದಲ್ಲೇ ಆದರೂ ಅಡ್ಡಿಯಿಲ್ಲ. ಕಳೆದ ಪತ್ರ ಓದ್ಲಿಕ್ಕೆ ನನಗೆ ಮೂರು ದಿನ ಬೇಕಾಯ್ತು."

ಕೆಮಿಸ್ಟ್ ಪತ್ರ ಮಡಚಿ, ಅಭ್ಯಾಸದಂತೆ ಕಂದು ಕವರಿಗೆ ಹಾಕಿ, ಕವರಿನ ಮೇಲೆ ಏನೋ ಗೀಚಿ ಕೊಟ್ಟರು. ಕಣ್ಣೊರೆಸಿಕೊಂಡು ನೋಡಿದೆ. ಊರಿನವರದ್ದೆಲ್ಲ ಓದುವ ಈ ಮನುಷ್ಯರ ಅಕ್ಷರ ಒಂದೂ ಅರ್ಥವಾಗಲಿಲ್ಲ.

"ಇದೇನು ಬರೆದಿರಿ?" ಅಂದೆ.

"ಡೋಸ್" ಅಂದರು. "ತಿಂಗಳಿಗೆ ಒಂದು. ನಡುವೆ ನಿಲ್ಲಿಸ್ಬೇಡಿ ಮಾರಾಯ್ರೆ."